ಹಗೇವಿಗೆ ಇಳಿಬಿಟ್ಟ ಆಂಟೆನಾ

ನಂಬುವುದಾದರೆ ಓದಿ, ಇಲ್ಲವಾದರೆ ಇಲ್ಲೇ ಪುಟ ತಿರುಗಿಸಿಬಿಡಿ. ನನಗೇನೂ ಬೇಜಾರಿಲ್ಲ. "ಹೆಣ್ಮಗಳು, ಕತ್ತಲಾಗ ಒಬ್ಬಾಕಿನ ಇದ್ದಳು, ಏನೋ ಕಂಡು ಅಂಜ್ಯಾಳ" ಎಂದು ತಲೆಯಾಡಿಸುವವರನ್ನು ಬೇಕಾದಷ್ಟು ನೋಡಿದ್ದೇನೆ. ನಾನು ಕಾಲೇಜಿನ ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಕೆಲಸ ಮಾಡಿದವಳು. ಹುಣಸೆಮರ, ಹಾಳುಬಾವಿ ಅಂತ ಎಂದೂ ಅಂಜಿದವಳಲ್ಲ. ಆದರೆ ರಾಯಚೂರಿನ ನಮ್ಮ ಮನೆಯಲ್ಲಿ ಆ ಸೋಮವಾರ ರಾತ್ರಿ ನಡೆದದ್ದು ನಡೆದದ್ದೇ. ಅದನ್ನು ಕಡಿಮೆ ಮಾಡಿ ಹೇಳಲು ನನ್ನಿಂದಾಗದು.

ಎಂಬತ್ತರ ದಶಕದ ಮಾತು. ಮನೆಯಲ್ಲಿ ಇದ್ದದ್ದು ಇಬ್ಬರೇ, ನಾನು ಮತ್ತು ನನ್ನ ಸೋದರತ್ತೆ ನೀಲಮ್ಮ. ನನ್ನನ್ನು ಹೆತ್ತು ಅವ್ವ ತೀರಿಕೊಂಡಳು. ಅಪ್ಪ ದೇವದುರ್ಗದಲ್ಲಿ ಇನ್ನೊಂದು ಮದುವೆ ಮಾಡಿಕೊಂಡ. ಎಳೆಗೂಸಾಗಿದ್ದ ನನ್ನನ್ನು ಸೆರಗಿನಲ್ಲಿ ಸುತ್ತಿಕೊಂಡು, ಗಬ್ಬೂರಿನ ಮೇಲೆ ಹಾದುಬರುವ ಬಸ್ಸಿನಲ್ಲಿ ರಾಯಚೂರಿಗೆ ತಂದವಳು ಅತ್ತೆ. ಅವಳಿಗೆ ಗಂಡನಿಲ್ಲ, ಮಕ್ಕಳಿಲ್ಲ. "ಶರಣೀ" ಎಂದು ಅವಳು ಕರೆದರೆ ಮನೆ ತುಂಬುತ್ತಿತ್ತು. ಈ ಲೋಕದಲ್ಲಿ ನನ್ನವರು ಅಂತ ನನಗಿದ್ದದ್ದು ಅವಳೊಬ್ಬಳೇ.

ಅವಳಿಗೆ ನನ್ನ ಮೇಲೆ ಜೀವ ಎಷ್ಟೋ ಅಂಜಿಕೆಯೂ ಅಷ್ಟೇ. ಸೋಮವಾರ ಸಂಜೆ ಮಠದ ಭಜನೆಗೆ ಹೋಗುವಾಗ ಅವಳು ಹೊರಗಿನಿಂದ ಕೀಲಿ ಹಾಕಿಕೊಂಡೇ ಹೋಗುವಳು. ನಮ್ಮ ಓಣಿಯಲ್ಲಿ ಅದು ರೂಢಿ. ವಯಸ್ಸಿಗೆ ಬಂದ ಹುಡುಗಿ ಒಬ್ಬಳೇ ಮನೆಯಲ್ಲಿದ್ದರೆ ಬಾಗಿಲಿಗೆ ಹೊರಗಡೆ ಕೀಲಿ ಬೀಳಬೇಕು. ನೋಡಿದವರು ಒಳಗೆ ಯಾರೂ ಇಲ್ಲ ಅಂದುಕೊಳ್ಳಬೇಕು.

"ಅತ್ತೀ, ನಾ ಪಗಾರ ತರೋ ಹೆಣ್ಮಗಳು. ಕುರಿ ಕೂಡಿದಂಗ ಕೂಡತೀಯಲ್ಲ?"

"ಕೂಡದಿದ್ರ ತ್ವಾಳ ಸುಮ್ನ ಬಿಡ್ತಾವೇನು? ಬಾಯಿ ಮುಚಗೊಂಡು ಕುಂದ್ರು."

ಮಣ್ಣಿನ ಮಾಳಿಗೆಯ ಮನೆ. ಎರಡೂ ಕಡೆ ಬೇರೆಯವರ ಗೋಡೆ, ಹಿತ್ತಲಿಲ್ಲ, ಇದ್ದದ್ದು ಒಂದೇ ಬಾಗಿಲು. ಓಣಿಯ ಕಡೆಗೆ ಕಬ್ಬಿಣದ ಸರಳು ಹಾಕಿದ ಒಂದು ಸಣ್ಣ ಕಿಟಕಿ, ಅದೂ ಎತ್ತರದಲ್ಲಿ. ಕೀಲಿ ಬಿತ್ತೆಂದರೆ ಮುಗಿಯಿತು, ಅತ್ತೆ ಬರುವ ತನಕ ಒಳಗೇ.

ನಿಜ ಹೇಳಬೇಕೆಂದರೆ ಸೋಮವಾರದ ಆ ಸೆರೆ ನನಗೆ ಸೇರಿಯೂ ಇತ್ತು. ರೇಡಿಯೋಗೆ ಕೂರಬಹುದಲ್ಲ!

ನಮ್ಮ ವಿಭಾಗದ ವಿರೂಪಾಕ್ಷಿ ಸರ್ ಹವ್ಯಾಸಿ ರೇಡಿಯೋದವರು, 'ಹ್ಯಾಮ್' ಅನ್ನುತ್ತಾರಲ್ಲ ಅದು. ಅವರೇ ಹುಚ್ಚು ಹಿಡಿಸಿದ್ದು. ಪರೀಕ್ಷೆ ಬರೆದೆ, ಪಾಸಾದೆ. ಲೈಸೆನ್ಸಿಗೆ ಮುಂಚೆ ಪೊಲೀಸಪ್ಪ ಮನೆಗೆ ವಿಚಾರಣೆಗೆ ಬಂದಾಗ ಅತ್ತೆ ಅವನಿಗೆ ಚಹಾ ಕೊಟ್ಟು, "ಹುಡುಗಿ ಏನೂ ಮಾಡಿಲ್ರೀ ಯಪ್ಪಾ" ಎಂದು ಕಣ್ಣೀರು ಹಾಕಿದ್ದಳು. ಆಮೇಲೆ ಸರ್ ಒಂದು ಹಳೆಯ ವೈರ್‌ಲೆಸ್ ಸೆಟ್ಟನ್ನು ರಿಪೇರಿ ಮಾಡಿ, ವಿಎಚ್ಎಫ್ ಅನ್ನುವ ರೇಡಿಯೋ ಅಲೆಗಳಲ್ಲಿ ಹ್ಯಾಮ್‌ಗಳಿಗೆ ಮೀಸಲಾದ ಪಟ್ಟಿಗೆ ಹೊಂದಿಸಿಕೊಟ್ಟರು. ಗುಂಡಿ ಒತ್ತಿದರೆ ಮಾತಾಡಬಹುದು, ಬಿಟ್ಟರೆ ಕೇಳಬಹುದು. ಎರಡೂ ಒಟ್ಟಿಗೆ ಆಗುವುದಿಲ್ಲ.

ಈ ವಿಎಚ್ಎಫ್ ಅಲೆ ಬಲು ಸೊಕ್ಕಿನದು. ನೆಟ್ಟಗೆ ಹೋಗುತ್ತದೆ, ಬಾಗುವುದಿಲ್ಲ, ದಪ್ಪ ಗೋಡೆ ಅಡ್ಡ ಬಂದರೆ ಅಲ್ಲೇ ಸಾಯುತ್ತದೆ. ಆಂಟೆನಾ ಮಾಳಿಗೆಯ ಮೇಲಿರಬೇಕು. ಅತ್ತೆ ಬಿಡಬೇಕಲ್ಲ? "ಮಾಳಿಗಿ ಮ್ಯಾಲ ಕಬ್ಬಿಣ ನಟ್ರ ಸಿಡ್ಲಿಗೆ ಬಾ ಅಂದಂಗ" ಎಂದುಬಿಟ್ಟಳು. ಹಾಗಾಗಿ ನನ್ನ ಆಂಟೆನಾ ಮನೆಯೊಳಗೇ. ಒಂದೊಂದು ಮೊಳದ ಎರಡು ಅಲ್ಯೂಮಿನಿಯಂ ಕಡ್ಡಿಗಳನ್ನು ಬಿದಿರಿಗೆ ಕಟ್ಟಿ, ಉದ್ದನೆಯ ಕೇಬಲ್ ಹಾಕಿದ್ದೆ. ಅದನ್ನು ಹಿಡಿದು ಮನೆಯೆಲ್ಲ ತಿರುಗುವುದು. ಕಬ್ಬಿಣದ ಕಪಾಟಿನ ಹತ್ತಿರ ದನಿ ಸತ್ತೇಹೋಗುವುದು. ಕಿಟಕಿಯ ಎಡಮೂಲೆಯಲ್ಲಿ ಸರ್ ಚೆನ್ನಾಗಿ ಕೇಳಿಸುವರು, ಗೇಣು ಸರಿದರೆ ಬರೀ ಗೊರಗೊರ. ನಾನೇ ಹತ್ತಿರ ನಿಂತರೂ ಸಿಗ್ನಲ್ ಕೆಡುವುದು.

"ದೆವ್ವ ಬಡದಂಗ ಕಡ್ಡಿ ಹಿಡಕೊಂಡು ತಿರಗ್ತೀಯಲ್ಲಬೇ" ಎಂದು ಅತ್ತೆ ನಗುತ್ತಿದ್ದಳು.

ಮಾನ್ವಿಯಲ್ಲಿ ಒಬ್ಬ ಡಾಕ್ಟರು ಹ್ಯಾಮ್ ಇದ್ದರು. ಮನೆ ಮೇಲೆ ದೊಡ್ಡ ಕಂಬ ನೆಟ್ಟಿದ್ದ ಸರ್‌ಗೆ ಅವರು ಸಿಗುತ್ತಿದ್ದರು, ನನಗೆ ಒಂದು ದಿನವೂ ಸಿಕ್ಕಿರಲಿಲ್ಲ. ಒಂದಲ್ಲ ಒಂದು ದಿನ ಮನೆಯೊಳಗಿನ ಕಡ್ಡಿಯಲ್ಲೇ ಮಾನ್ವಿಯನ್ನು ಹಿಡಿಯಬೇಕೆಂಬ ಹಟ ನನ್ನದು. ಸರ್ ನಕ್ಕು, "ನಿನ್ನ ಕಡ್ಡಿಗೆ ಮಾನ್ವಿ ಬಂತಂದ್ರ ನಾ ನನ್ನ ಕಂಬ ಇಳಸ್ತೀನವ್ವ" ಅನ್ನುತ್ತಿದ್ದರು.

ಇನ್ನೊಂದು ಸಂಗತಿ ಹೇಳಬೇಕು, ಹಗೇವು. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಜೋಳ ತುಂಬಿಡಲು ನೆಲದಡಿಯಲ್ಲಿ ಕಣಜ ಇರುತ್ತದೆ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಕಿರಿದು, ಒಳಗೆ ಹೊಟ್ಟೆ ದೊಡ್ಡದು. ನಮ್ಮದು ಹಿಂದಿನ ಕತ್ತಲಕೋಣೆಯಲ್ಲಿತ್ತು. ಮುಚ್ಚಿಟ್ಟ ಹಗೇವಿನಲ್ಲಿ ಕೆಟ್ಟಗಾಳಿ ತುಂಬಿರುತ್ತದೆ, ತೆರೆದ ಕೂಡಲೇ ಇಳಿದವರು ಮೇಲೆ ಬರುವುದಿಲ್ಲ. ಬಾಯಿ ತೆರೆದು ಗಾಳಿಯಾಡಲು ಬಿಟ್ಟು, ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡಬೇಕು. ದೀಪ ಉರಿದರೆ ಇಳಿ, ಆರಿದರೆ ಬೇಡ. ಇದು ಚಿಕ್ಕಮಕ್ಕಳಿಗೂ ಗೊತ್ತು.

ಆ ಸೋಮವಾರ ಬೆಳಿಗ್ಗೆ ಅತ್ತೆ ಆಳು ಕರೆಸಿ ಹಗೇವಿನ ಬಾಯಿಯ ಕಲ್ಲು ತೆಗೆಸಿದ್ದಳು. ಯಾರೂ ಬೀಳದಿರಲಿ ಎಂದು ಬಾಯಿಗೆ ಅಡ್ಡ ಒಂದು ಹಲಗೆ ಹಾಕಿದ್ದಳು. "ನಾಳಿ ಜ್ವಾಳ ತಗಸೂದೈತಿ. ಅಲ್ಲೀತನ ಅದರ ಹಂತ್ಯಾಕ ಹೋಗಬ್ಯಾಡ ನೋಡು" ಎಂದು ನನಗೆ ಹೇಳಿಯೂ ಇದ್ದಳು.

ಸಂಜೆ ಕಾಲೇಜಿನಿಂದ ಬಂದು ಬಚ್ಚಲಲ್ಲಿ ಮುಖ ತೊಳೆಯುತ್ತಿದ್ದೆ. "ಶರಣೀ, ಹೋಗಿ ಬರ್ತೀನಿ" ಅಂದದ್ದು ಕೇಳಿಸಿತು. ಬಾಗಿಲು ಮುಚ್ಚಿತು, ಕೀಲಿ ಬಿತ್ತು. ಸದ್ದು ಕೇಳಿದೆ, ಅಷ್ಟೇ. ಅತ್ತೆ ಹೊರಗೆ ಹೋದದ್ದನ್ನು ನಾನು ಕಣ್ಣಾರೆ ನೋಡಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಕಿಟಕಿಯ ಎಡಮೂಲೆಯಲ್ಲಿ ಕಡ್ಡಿ ಹಿಡಿದು ಸರ್ ಜೊತೆ ಮಾತಾಡುತ್ತಿದ್ದೆ. ಅವರು ಏನೋ ಹೇಳುತ್ತಿದ್ದಂತೆಯೇ ಮಾತು ಅರ್ಧಕ್ಕೆ ನಿಂತಿತು. ಕರೆಂಟು ಹೋಗಿತ್ತು. ಅವರ ಸೆಟ್ಟು ಕರೆಂಟಿನದು, ನನ್ನದು ಸ್ಕೂಟರ್ ಬ್ಯಾಟರಿಯದು. ಓಣಿ ಪೂರ್ತಿ ಕತ್ತಲು... ಕಂದೀಲು ಹಚ್ಚಿಕೊಂಡು ಕುಳಿತೆ. ಸೆಟ್ಟಿನಿಂದ ಬರೀ ಸುಯ್ ಎನ್ನುವ ಸದ್ದು.

ಆ ಸದ್ದಿನ ಅಡಿಯಲ್ಲಿ ಏನೋ ಇತ್ತು.

ಒಂದು ದನಿ... ದೂರದ್ದು. ಮಾತು ತಿಳಿಯುತ್ತಿರಲಿಲ್ಲ. ಮಾನ್ವಿ! ಬಂತಲ್ಲ ಕಡೆಗೂ! ನಾಳೆ ಸರ್ ಕಂಬ ಇಳಿಸಲಿ ಅಂದುಕೊಂಡೆ.

ಸೆಟ್ಟನ್ನು ಬಗಲಿಗೆ ಹಾಕಿ, ಬ್ಯಾಟರಿಯನ್ನು ಚೀಲದಲ್ಲಿ ಹೆಗಲಿಗೇರಿಸಿ, ಕಡ್ಡಿ ಹಿಡಿದು ದನಿಯ ಹಿಂದೆ ಹೊರಟೆ. ಕಿಟಕಿಯ ಹತ್ತಿರ ದನಿ ಕ್ಷೀಣ. ಪಡಸಾಲೆಯ ನಡುವೆ ಸ್ವಲ್ಪ ಮೇಲು. ಅಡುಗೆಮನೆಯ ಬಾಗಿಲಲ್ಲಿ ಇನ್ನೂ ಮೇಲು. ಹೊರಗಿನಿಂದ ಬರುವ ಸಿಗ್ನಲ್ ಒಳಗೆ ಹೋದಷ್ಟೂ ಸಾಯಬೇಕು. ಇದು ಬೆಳೆಯುತ್ತಿತ್ತು... ಗೋಡೆಗೆ ಬಡಿದು ಹಿಂದಿರುಗುತ್ತಿರಬೇಕು ಎಂದು ನನಗೆ ನಾನೇ ಪಾಠ ಹೇಳಿಕೊಂಡೆ.

ಕತ್ತಲಕೋಣೆಗೆ ಬಂದೆ. ಕಡ್ಡಿ ಎತ್ತಿದರೆ ದನಿ ಇಳಿಯಿತು. ಬಗ್ಗಿಸಿದರೆ ಏರಿತು. ನೆಲಕ್ಕೆ ತಾಗಿಸಿದಾಗ ಅದು ಹೆಂಗಸಿನ ದನಿ ಎಂದು ತಿಳಿಯಿತು.

ನಮ್ಮ ಹ್ಯಾಮ್‌ಗಳಲ್ಲಿ ಒಂದು ಶಿಸ್ತಿದೆ. ಯಾರಾದರೂ ಕರೆಯುತ್ತಿದ್ದರೆ, ಹೊಸಬರಾಗಲಿ ಹಳಬರಾಗಲಿ, ಉತ್ತರ ಕೊಡದೆ ಹೋಗಬಾರದು. ನಾನು ಹೊಸಬಳು, ಶಿಸ್ತಿನಲ್ಲಿ ಇನ್ನೂ ಒಂದು ಕೈ ಹೆಚ್ಚು. ಗುಂಡಿ ಒತ್ತಿದೆ. "ಯಾರು ಕರೆಯುತ್ತಿದ್ದೀರಿ? ನಿಮ್ಮ ಕರೆಸಂಕೇತ ಹೇಳಿ. ಓವರ್."

ಗುಂಡಿ ಬಿಟ್ಟೆ.

"ಶರಣೀ..."

ಅತ್ತೆಯ ದನಿ! ಕೈಯಿಂದ ಕಡ್ಡಿ ಬಿದ್ದೇಹೋಯಿತು.

"ಶರಣೀ... ಕಾಲು ಜಾರಿತವ್ವ. ಕೆಳಗ ಬಿದ್ದೀನಿ. ಉಸರು ಕಟ್ಟಾಕತ್ತದ..."

ಕಂದೀಲು ತಂದು ನೋಡಿದೆ. ಹಗೇವಿನ ಬಾಯಿಗೆ ಹಾಕಿದ್ದ ಹಲಗೆ ಪಕ್ಕಕ್ಕೆ ಸರಿದಿತ್ತು. ಕಪ್ಪನೆಯ ಬಾಯಿ. ಅದರಿಂದ ಹಳೆಯ ಜೋಳದ ಹುಳಿನಾತ ಗಪ್ಪೆಂದು ಮುಖಕ್ಕೆ ಹೊಡೆಯಿತು. ಬಗ್ಗಿ, "ಅತ್ತೀ! ಅತ್ತೀ!" ಎಂದು ಕೂಗಿದೆ. ಒಳಗಿನಿಂದ ಒಂದು ಸೊಲ್ಲೂ ಇಲ್ಲ. ಗುಂಡಿ ಒತ್ತಿ ಅದನ್ನೇ ಕೇಳಿದೆ. ಸೆಟ್ಟಿನಲ್ಲಿ ತಕ್ಷಣ ಉತ್ತರ ಬಂತು.

"ಇಲ್ಲೇ ಅದೀನವ್ವ. ಲಗೂನ ಬಾ."

ಸೆಟ್ಟಿಲ್ಲದವಳು ಸೆಟ್ಟಿನಲ್ಲಿ ಹೇಗೆ ಮಾತಾಡುತ್ತಾಳೆ ಅಂತ ನೀವು ಕೇಳುತ್ತೀರಿ. ನಾನೂ ಕೇಳಿಕೊಂಡೆ. ಆದರೆ ಸಾಕಿದವಳು ಉಸಿರುಗಟ್ಟಿ ಕರೆಯುವಾಗ ಓದಿದ ವಿದ್ಯೆ ಯಾವ ಮೂಲೆಗೆ ಹೋಗುತ್ತದೋ ಶಿವನೇ ಬಲ್ಲ.

"ನೀ ಮಠಕ್ಕ ಹೋಗಿದ್ದಿಲ್ಲೇನು? ಹೊರಗ ಕೀಲಿ ಹಾಕಿದವರು ಯಾರು ಮತ್ತ?"

"ಯಾರರ ಹಾಕಲಿ... ನೀ ಇಳಿ."

ಓಡಿಹೋಗಿ ಬಾಗಿಲು ಬಡಿದೆ. ಅಂಗೈ ಉರಿಯುವಷ್ಟು ಬಡಿದೆ. ಕಿಟಕಿಯ ಕೆಳಗೆ ಸ್ಟೂಲು ಹಾಕಿ ಹತ್ತಿ, ಸರಳಿಗೆ ಮುಖ ಕೊಟ್ಟು, "ಯಾರರ ಅದೀರೇನ್ರೀ? ಕೀಲಿ ಒಡೀರಿ!" ಎಂದು ಕಿರುಚಿದೆ. ಕತ್ತಲಲ್ಲಿ ಇಬ್ಬರು ಗಂಡಸರು ಹೋಗುತ್ತಿದ್ದರು. ನಿಂತರು. ಬಾಗಿಲ ಹತ್ತಿರ ಬಂದು ಕೈಯಾಡಿಸಿದ ಸದ್ದಾಯಿತು.

"ಕೀಲಿ ಬಿದ್ದೈತಿ ಮಾರಾಯ. ಕೀಲಿ ಬಿದ್ದ ಮನ್ಯಾಗ ದನಿ ಬರಾಕತ್ತದ... ನಡಿ ನಡಿ, ಹಿಂದ ನೋಡಬ್ಯಾಡ!"

ಓಡಿಬಿಟ್ಟರು. ನಾನು ಜೀವಂತ ಇದ್ದೇನ್ರೋ, ಮನುಷ್ಯಳಿದ್ದೇನೆ ಎಂದು ಕೂಗಿದರೂ ನಿಲ್ಲಲಿಲ್ಲ. ಆ ಕೀಲಿಯ ಮೇಲೆ ಬಂದ ಸಿಟ್ಟಿಗೆ ನಾನು ಅತ್ತುಬಿಟ್ಟೆ.

ಮರಳಿ ಬಂದು ಕಂದೀಲಿಗೆ ಹಗ್ಗ ಕಟ್ಟಿ ಹಗೇವಿಗೆ ಬಿಟ್ಟೆ. ಹಗೇವಿನ ಕಿರಿದಾದ ಕೊರಳು ದಾಟಿತು... ಜೋಳ ಕಾಣಿಸುವ ಮೊದಲೇ ದೀಪ ಕುಗ್ಗಿ, ನೀಲಿಯಾಗಿ, ಆರಿತು. ಈಗ ನನ್ನ ಕೈಯೂ ನನಗೆ ಕಾಣದ ಕತ್ತಲು. ಸೆಟ್ಟಿನ ಒಂದು ಕೆಂಪು ದೀಪ ಮಾತ್ರ.

ದೀಪ ಆರುವ ಗಾಳಿಯಲ್ಲಿ ಮನುಷ್ಯರು ಉಳಿಯುವುದಿಲ್ಲ. ಹಾಗಿದ್ದರೂ ಅವಳು ಮಾತಾಡುತ್ತಲೇ ಇದ್ದಳು. ಕೇಬಲ್ ಹಿಡಿದು ಆಂಟೆನಾವನ್ನೇ ಒಳಗೆ ಇಳಿಬಿಟ್ಟೆ. ಗೊರಗೊರ ಪೂರ್ತಿ ನಿಂತು ದನಿ ನನ್ನ ಕಿವಿಯ ಪಕ್ಕ ಕುಳಿತಷ್ಟು ಸ್ವಚ್ಛವಾಯಿತು. ಅವಳು ಎಂಜಲು ನುಂಗಿದ್ದೂ ಕೇಳಿಸಿತು.

"ನಿನ್ನ ಸೆರಗಿನ್ಯಾಗ ಸುತ್ತಿಕೊಂಡು ತಂದೆ. ಈಗ ನಾ ಸಾಯಾಕತ್ತೀನಿ, ನೀ ದಂಡಿಗೆ ನಿಂತು ನೋಡ್ತೀ ಏನವ್ವ?"

ಅದರ ಮೇಲೆ ನನಗೆ ತಡೆಯಲಾಗಲಿಲ್ಲ. ಸತ್ತರೆ ಇಬ್ಬರೂ ಸಾಯೋಣ ಅನ್ನಿಸಿತು. ಹಗ್ಗವನ್ನು ಕೋಣೆಯ ಕಂಬಕ್ಕೆ ಬಿಗಿದು, ಸೆಟ್ಟನ್ನು ನೆಲದ ಮೇಲಿಟ್ಟು, ಹಗೇವಿನ ಬಾಯಿಗೆ ಕಾಲು ಇಳಿಸಿದೆ. ಸೊಂಟದ ತನಕ ಇಳಿದೆ. ತಲೆ ಗಿರ್ ಎಂದಿತು. ಗೋಡೆಗೆ ಕಾಲು ಹುಡುಕಿದೆ, ಸಿಗಲಿಲ್ಲ. ಒಳಗೆ ಬೆಚ್ಚಗಿತ್ತು... ಯಾರೋ ಈಗತಾನೆ ಎದ್ದುಹೋದ ಹಾಸಿಗೆಯಷ್ಟು ಬೆಚ್ಚಗೆ.

ಆಗ ಮುಂದಿನ ಬಾಗಿಲಲ್ಲಿ ಕೀಲಿ ತೆಗೆದ ಸದ್ದು.

"ಶರಣೀ, ಎಲ್ಲಿ ಅದಿಯೇ? ದೀಪ ಯಾಕ ಹಚ್ಚಿಲ್ಲ?"

ಅತ್ತೆ! ಹೊರಗಿನಿಂದ ಬಂದಳು, ನೆಟ್ಟಗೆ ನಡೆದು ಬಂದಳು! ವಿಭೂತಿಯ ವಾಸನೆ, ಚಪ್ಪಲಿ ಬಿಟ್ಟ ಸದ್ದು, ಕೈಯಲ್ಲಿ ಟಾರ್ಚಿನ ಬೆಳಕು. ನನಗೆ ಆದ ಸಂತೋಷ ಹೇಳಲಾರೆ. ಬಾಯಿ ತೆರೆದೆ, ಒಳಗಿನ ಗಾಳಿ ಕುಡಿದ ಗಂಟಲಿಗೆ ದನಿ ಹೊರಡಲಿಲ್ಲ.

ನೆಲದ ಮೇಲಿದ್ದ ಸೆಟ್ಟು ಮಾತಾಡಿತು.

"ಅತ್ತೀ... ನಾ ಕೆಳಗ ಅದೀನಿ..."

ಅದು ನನ್ನ ದನಿ.

ನನ್ನ ತುಟಿ ಅಲುಗಿರಲಿಲ್ಲ. ಎರಡೂ ಕೈ ಹಗೇವಿನ ಅಂಚಿನಲ್ಲಿದ್ದವು, ಗುಂಡಿಯನ್ನು ಯಾರೂ ಒತ್ತಿರಲಿಲ್ಲ. ಅತ್ತೆ ಕೋಣೆಯ ಬಾಗಿಲಿಗೆ ಬಂದು ಟಾರ್ಚು ಹಿಡಿದಳು. ಅವಳಿಗೆ ಕಂಡದ್ದೇನು? ಹಗೇವಿನಿಂದ ಅರ್ಧ ಮೇಲೆ ಬಂದ ಒಂದು ಹೆಣ್ಣು, ಬಿಚ್ಚಿದ ಕೂದಲು, ತೆರೆದ ಬಾಯಿ.

"ಅಕಿ ಮಾತು ಕೇಳಬ್ಯಾಡ ಅತ್ತೀ. ಅಕಿ ನನ್ನ ಕೆಳಗ ನೂಕಿ ತಾ ಮ್ಯಾಲ ಬಂದಾಳ..."

"ಇಲ್ಲ! ಅತ್ತೀ, ನಾನು ಶರಣಿ!" ಕಡೆಗೂ ದನಿ ಬಂತು.

"ಅತ್ತೀ, ನಾನು ಶರಣಿ!" ಸೆಟ್ಟೂ ಅದನ್ನೇ ಅಂದಿತು. ಅದೇ ಅಳು, ಅದೇ ನಡುಕ. ನನ್ನದಕ್ಕಿಂತ ಚೆನ್ನಾಗಿತ್ತು.

ಟಾರ್ಚಿನ ಬೆಳಕು ನನ್ನ ಮುಖದ ಮೇಲೆ ನಿಂತಿತು, ಆಮೇಲೆ ಸೆಟ್ಟಿನ ಮೇಲೆ ಹೋಯಿತು. "ನನ್ನವ್ವ... ಶರಣೀ..." ಅಂದಳು ಅತ್ತೆ. ಅದನ್ನು ನನ್ನ ಕಡೆ ನೋಡಿ ಅನ್ನಲಿಲ್ಲ.

ನಾನು ಎದ್ದುಬರಲು ಒದ್ದಾಡುವಷ್ಟರಲ್ಲಿ ಅವಳು ಹಿಂದೆ ಸರಿದು, ಓಡಿ, ಮುಂಬಾಗಿಲು ಎಳೆದುಕೊಂಡು ಹೊರಗಿನಿಂದ ಕೀಲಿ ಹಾಕಿಬಿಟ್ಟಳು.

"ಯಾರರ ಬರ್ರೆಪ್ಪೋ! ನಮ್ಮ ಹುಡುಗಿನ್ನ ಹಗೇವಿನ್ಯಾಗ ನೂಕಿ ಎಂಥದೋ ಒಂದು ಒಳಗ ಕುಂತೈತಿ!"

ಹೇಗೋ ಮೇಲೆ ಹತ್ತಿ ಬಂದು ಸೆಟ್ಟಿನ ಬ್ಯಾಟರಿಯ ವೈರು ಕಿತ್ತೆಸೆದೆ. ಸೆಟ್ಟು ಸುಮ್ಮನಾಯಿತು. ಹಗೇವಿನ ಬಾಯಿಗೆ ಹಲಗೆ ಎಳೆದು ಅದರ ಮೇಲೆ ಕುಳಿತುಬಿಟ್ಟೆ, ಎದ್ದರೆ ಏನಾದೀತೋ ಎಂಬ ಭಯಕ್ಕೆ. ಹೊರಗೆ ಓಣಿಯವರು ಸೇರಿದರು. ಒಳಗೆ ಬರುವ ಧೈರ್ಯ ಯಾರಿಗೂ ಇಲ್ಲ. ಸೂರ್ಯ ಹುಟ್ಟಲಿ ಎಂದು ಮಠದ ಅಯ್ಯನವರು ಹೇಳಿದ್ದು ಕೇಳಿಸಿತು. ಅತ್ತೆ ಅಳುವುದು ಕೇಳಿಸಿತು. ಇಡೀ ರಾತ್ರಿ ನನ್ನ ಹೆಸರು ಹಿಡಿದು ಅತ್ತಳು. ನಾನು ಒಳಗಿನಿಂದ "ಇಲ್ಲೇ ಅದೀನಿ ಅತ್ತೀ" ಅಂದಾಗಲೆಲ್ಲ ಹೊರಗೆ ಯಾರೋ ಮಂತ್ರ ಹೇಳುತ್ತಿದ್ದರು.

ನನ್ನ ಕೆಳಗಿನ ಹಲಗೆ ಬೆಳಗಿನ ತನಕ ಬೆಚ್ಚಗೇ ಇತ್ತು.

ಬೆಳಕಾದ ಮೇಲೆ ಬಾಗಿಲು ತೆರೆದರು. ನನ್ನನ್ನು ದೂರ ನಿಲ್ಲಿಸಿದರು. ಹಗೇವಿನ ಬಾಯಿ ತೆರೆದು ಗಾಳಿಯಾಡಲು ಬಿಟ್ಟು, ಕಂದೀಲು ಇಳಿಸಿ, ಅದು ಉರಿದ ಮೇಲೆ ಆಳುಗಳು ಇಳಿದು ಜೋಳವೆಲ್ಲ ಹೊರಗೆ ತೆಗೆದರು. ಒಳಗೆ ಯಾರೂ ಇರಲಿಲ್ಲ. ಆದರೆ ನಾನು ರಾತ್ರಿ ಇಳಿಬಿಟ್ಟ ಆಂಟೆನಾ ಜೋಳದ ಮೇಲೆ ಇರಲಿಲ್ಲ. ಅಷ್ಟೂ ಜೋಳ ತೆಗೆದ ಮೇಲೆ, ತಳದ ನೆಲದಲ್ಲಿ ಸಿಕ್ಕಿತು. ಕೇಬಲ್ಲು ಜೋಳದ ನಡುವೆ ನೆಟ್ಟಗೆ ಇಳಿದಿತ್ತು.

ವಿರೂಪಾಕ್ಷಿ ಸರ್ ಬಂದು ನೋಡಿದರು. ಗೋಡೆಯ ಪ್ರತಿಫಲನ, ಕೆಟ್ಟಗಾಳಿಗೆ ತಲೆ ತಿರುಗುವುದು, ಇನ್ನೂ ಏನೇನೋ ಹೇಳಿದರು. ಹೂಂ ಸರ್ ಅಂದೆ. ನನ್ನ ತಲೆ ತಿರುಗಿದ್ದರೆ ಇರಲಿ. ಕೋಣೆಯ ಬಾಗಿಲಲ್ಲಿ ನಿಂತಿದ್ದ ಅತ್ತೆಗೆ ಕೇಳಿಸಿದ್ದೇನು ಎಂದು ಅವರನ್ನು ಕೇಳುವ ಮನಸ್ಸಾಗಲಿಲ್ಲ. ಸೆಟ್ಟನ್ನು ಅವತ್ತೇ ಅವರ ಕೈಗೆ ಕೊಟ್ಟೆ.

ಅತ್ತೆ ನನ್ನನ್ನು ಮನೆ ಬಿಡಿಸಲಿಲ್ಲ. ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹೊತ್ತಿಗೆ ಸರಿಯಾಗಿ ರೊಟ್ಟಿ ಮಾಡಿ, ಬೀಗರಿಗೆ ಬಡಿಸಿದ ಹಾಗೆ ಬಡಿಸುತ್ತಿದ್ದಳು. "ಉಣ್ರಿ" ಅನ್ನುತ್ತಿದ್ದಳು. ಒಲೆಯಿಂದ ಇಳಿದ ಮೊದಲ ರೊಟ್ಟಿ ಮಾತ್ರ ನನ್ನ ತಟ್ಟೆಗೆ ಬರಲಿಲ್ಲ. ಅದನ್ನು ಹಗೇವಿನ ಬಾಯಿಯ ಪಕ್ಕ ಇಟ್ಟು, ಮೇಲೊಂದಿಷ್ಟು ಪುಂಡಿಪಲ್ಯ ಹಾಕಿ ಬರುವಳು. ಹಗೇವಿಗೆ ಮತ್ತೆ ಕಲ್ಲು ಮುಚ್ಚಲು ಬಿಡಲಿಲ್ಲ. ಎಷ್ಟು ಕಣ್ಣೀರು ಹಾಕಿದೆ, ಎಷ್ಟು ಜಗಳವಾಡಿದೆ, ಚಿಕ್ಕಂದಿನ ಎಷ್ಟು ಸಂಗತಿ ನೆನಪಿಸಿದೆ. ಎಲ್ಲಕ್ಕೂ ತಲೆಯಾಡಿಸಿ, "ನಿಮಗ ಎಲ್ಲಾ ಗೊತ್ತೈತ್ರೀ" ಎಂದು ಒಳಗೆ ಹೋಗುವಳು.

ಕಡೆಗೆ ಕಾಯಿಲೆ ಬಿದ್ದಾಗ ಹಾಸಿಗೆಯನ್ನು ಆ ಕೋಣೆಗೇ ಹಾಕಿಸಿಕೊಂಡಳು. ಒಂದು ರಾತ್ರಿ ಪಡಸಾಲೆಯಲ್ಲಿ ಮಲಗಿದ್ದೆ. "ಶರಣೀ..." ಎಂದು ಕರೆದಳು. ಹಳೆಯ ದನಿ, ಹಳೆಯ ಅಕ್ಕರೆ. ವರ್ಷಗಳ ಮೇಲೆ ಹಾಗೆ ಕರೆದದ್ದು. ಎದ್ದುಬಿದ್ದು ಓಡಿದೆ. "ಬಂದೆ ಅತ್ತೀ, ಏನ್ ಬೇಕು?"

ಅತ್ತೆ ನನ್ನನ್ನು ನೋಡಿದಳು. ಪಾಪ, ಸಮಾಧಾನದಿಂದಲೇ ಹೇಳಿದಳು.

"ನಿಮ್ಮನ್ನಲ್ರೀ ಕರದಿದ್ದು."

ಹಾಸಿಗೆಯಿಂದ ಕೈ ಇಳಿಬಿಟ್ಟು ಹಗೇವಿನ ಕಡೆಗೆ ಹೊರಳಿ ಮತ್ತೊಮ್ಮೆ ಕರೆದಳು. ಸ್ವಲ್ಪ ಹೊತ್ತು ಕಿವಿಗೊಟ್ಟು, ನಕ್ಕಳು. "ಬರ್ತೀನವ್ವ" ಅಂದಳು. ಬೆಳಗಾಗುವಷ್ಟರಲ್ಲಿ ಹೋಗಿಬಿಟ್ಟಿದ್ದಳು.

ನಾನು ಬಾಗಿಲಲ್ಲೇ ನಿಂತಿದ್ದೆ. ಅವಳಿಗೆ ಯಾರು ಓಗೊಟ್ಟರೋ, ನನಗೇನೂ ಕೇಳಿಸಲಿಲ್ಲ. ನನ್ನ ಹತ್ತಿರ ಸೆಟ್ಟಿರಲಿಲ್ಲ.